ಕಂಠೀರವ ತುಂಬ್ಬೇಕಾ? ಹನ್ನೆರಡು ವರ್ಷದ ಹುಡುಗ ಎರಡನೇ ಸಲ ಬರೋ ಹಾಗೆ ಮಾಡಿ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ದಕ್ಷಿಣ ಏಷ್ಯಾ ದೇಶಗಳ ಫುಟ್ಬಾಲ್ ಟೂರ್ನಿ ಸ್ಯಾಫ್ ಫೈನಲ್ ಇತ್ತು, ಇಂಡಿಯಾ–ಕುವೈತ್. 1-1 ಆಗಿ ಪೆನಾಲ್ಟಿಗೆ ಹೋಯ್ತು, ಕೊನೇ ಕಿಕ್ಕನ್ನ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದ್ರು, 26 ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತು ವಂದೇ ಮಾತರಂ ಹಾಡಿದ್ರು. ಅದಾಗಿ ಕೆಲವೇ ತಿಂಗಳಿಗೆ ಅದೇ ಗುರ್‌ಪ್ರೀತ್, ಅದೇ ಕ್ಯಾಪ್ಟನ್ ಛೆಟ್ರಿ, ಅದೇ ಗ್ರೌಂಡಲ್ಲಿ ಬೆಂಗಳೂರು ಎಫ್‌ಸಿ ಜರ್ಸಿ ಹಾಕ್ಕೊಂಡು ವಾರದ ಮಧ್ಯೆ ದೇಶದ ದೊಡ್ಡ ಕ್ಲಬ್ ಲೀಗ್ ಆದ ಐಎಸ್‌ಎಲ್ ಮ್ಯಾಚ್ ಆಡ್ತಿದ್ರೆ ಎದುರುಗಡೆ ಬ್ಲಾಕುಗಳಲ್ಲಿ ಜನಕ್ಕಿಂತ ಖಾಲಿ ಸೀಟೇ ಜಾಸ್ತಿ ಕಾಣ್ತಿದ್ವು. ಊರು ಅದೇ, ಆಟಗಾರರೂ ಅವ್ರೇ, ಆಟಾನೂ ಅದೇ. ಹಾಗಾದ್ರೆ ಆ ಜನ ಎಲ್ಲಿ ಹೋದ್ರು, ಅದ್ರಲ್ಲೂ ಹುಡುಗ್ರು ಹುಡುಗೀರು ಯಾಕೆ ವಾಪಸ್ ಬರ್ತಿಲ್ಲ ಅನ್ನೋದನ್ನ ಸ್ವಲ್ಪ ಕೂತು ಯೋಚ್ನೆ ಮಾಡ್ಬೇಕು ಅನ್ಸತ್ತೆ.

"ಬೆಂಗ್ಳೂರಲ್ಲಿ ಕ್ರಿಕೆಟ್ ಬಿಟ್ರೆ ಬೇರೇನೂ ನಡಿಯಲ್ಲ" ಅಂತ ಹೇಳೋರು ತುಂಬಾ ಜನ ಸಿಗ್ತಾರೆ, ಅವ್ರ ಮಾತನ್ನ ನಾನಂತೂ ಒಪ್ಪಲ್ಲ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಎಚ್‌ಎಸ್‌ಆರ್ ಲೇಔಟಲ್ಲೋ ವೈಟ್‌ಫೀಲ್ಡಲ್ಲೋ ಒಂದು ಟರ್ಫ್ ಬುಕ್ ಮಾಡೋಕೆ ಟ್ರೈ ಮಾಡಿ ನೋಡಿ, ಸ್ಲಾಟ್ ಸಿಕ್ಕಿದ್ರೆ ನಿಮ್ಮ ಪುಣ್ಯ. ಇಂಥ ಬುಕಿಂಗ್‌ಗೆ ಅಂತಾನೇ ಇರೋ ಪ್ಲೇಯೋ ಆ್ಯಪ್ ಹುಟ್ಟಿದ್ದೂ ಇದೇ ಊರಲ್ಲಿ. ಆ ಟರ್ಫಲ್ಲಿ ಆಡೋ ಹುಡುಗರ ಮೈಮೇಲೆ ಆರ್ಸೆನಲ್ ಜರ್ಸಿ ಇರತ್ತೆ, ರಿಯಲ್ ಮ್ಯಾಡ್ರಿಡ್ ಜರ್ಸಿ ಇರತ್ತೆ, ಚಾಂಪಿಯನ್ಸ್ ಲೀಗ್ ಮ್ಯಾಚಿಗೆ ಮಧ್ಯರಾತ್ರಿ ಮೇಲೂ ಎದ್ದಿದ್ದು ಬೆಳಗ್ಗೆ ಕಣ್ಣುಜ್ಜಿಕೊಂಡು ಕಾಲೇಜಿಗೆ ಹೋಗ್ತಾರೆ, ಯಾರ್ಯಾರಿಗೆ ಯಾವ ಕೋಚ್ ಬರ್ತಾನೆ ಅಂತ ಗಂಟೆಗಟ್ಲೆ ಮಾತಾಡ್ತಾರೆ. ಆಟ ಅವ್ರಿಗೆ ಚೆನ್ನಾಗೇ ಗೊತ್ತು. ಪಕ್ಕದಲ್ಲಿರೋ ಕ್ಲಬ್ ತಮ್ದು ಅನ್ನೋದೊಂದು ಅವ್ರ ಮನಸ್ಸಿಗೆ ಬಂದಿಲ್ಲ ಅಷ್ಟೇ.

ಇಲ್ಲಿ ಕ್ಲಬ್‌ಗಳು ಮಾಡೋ ಲೆಕ್ಕಾನೇ ತಪ್ಪು ಅಂತ ನನ್ನ ಅಭಿಪ್ರಾಯ. ಯೂತ್ ಅಂದ್ರೆ ಕಾಲೇಜ್ ಹುಡುಗ್ರು, ಐಟಿ ಕೆಲಸಕ್ಕೆ ಹೊಸದಾಗಿ ಸೇರಿರೋರು ಅಂದ್ಕೊಂಡು ರೀಲ್ಸ್ ಬಿಡ್ತಾರೆ, ಇನ್‌ಫ್ಲುಯೆನ್ಸರ್‌ಗಳನ್ನ ಕರ್ಸ್ತಾರೆ, ಡಿಸ್ಕೌಂಟ್ ಕೋಡ್ ಕೊಡ್ತಾರೆ. ಇಪ್ಪತ್ತು ವರ್ಷ ಆದೋನಿಗೆ ಅಷ್ಟೊತ್ತಿಗೆ ಒಂದು ಕ್ಲಬ್ ಫಿಕ್ಸ್ ಆಗೋಗಿರತ್ತೆ, ಅವನು ಲಿವರ್‌ಪೂಲೋ ಬಾರ್ಸಾನೋ ಬಿಟ್ಟು ಬರಲ್ಲ, ಬಂದ್ರೂ ಒಂದು ಸಂಜೆ ಔಟಿಂಗ್ ಅಂತ ಬರ್ತಾನೆ. ನಾನು ನೋಡಿರೋ ಪಕ್ಕಾ ಫ್ಯಾನ್‌ಗಳಲ್ಲಿ ಸುಮಾರು ಜನಕ್ಕೆ ಒಂಬತ್ತರಿಂದ ಹದಿಮೂರರ ವಯಸ್ಸಲ್ಲಿ ಯಾರೋ ಕೈ ಹಿಡ್ಕೊಂಡು ಸ್ಟೇಡಿಯಂಗೆ ಕರ್ಕೊಂಡು ಹೋದ ಕಥೆ ಇದ್ದೇ ಇರತ್ತೆ. ಅಪ್ಪ, ಮಾವ, ಎದುರುಮನೆ ಅಣ್ಣ, ಸ್ಕೂಲ್ ಪಿಟಿ ಮಾಸ್ಟರು, ಹೀಗೆ.

ನಮ್ಮೂರಿನ ಹಳೇ ಫುಟ್ಬಾಲ್ ನಡೀತಿದ್ದೂ ಹಾಗೇನೇ. ಕಂಟೋನ್ಮೆಂಟ್ ಕಡೆ, ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಆ ಗಲ್ಲಿಗಳಲ್ಲಿ ಫುಟ್ಬಾಲ್ ಅನ್ನೋದು ಮನೆಮನೆ ಮಾತು, ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ ಅಂದ್ರೆ ನೀವೇ ಲೆಕ್ಕ ಹಾಕ್ಕೊಳಿ. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಟೀಮು ಬಾಂಬೆಯ ಹಳೇ ಟೂರ್ನಿ ರೋವರ್ಸ್ ಕಪ್ ಗೆದ್ದಾಗ ಆ ಕಪ್ ಗೆದ್ದ ಮೊದಲ ಭಾರತೀಯ ಟೀಮ್ ಅದು, ಮುಂದಿನ ವರ್ಷಾನೂ ಅವ್ರೇ ಗೆದ್ರು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಇಂಡಿಯಾದ ಒಂದೇ ಒಂದು ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವ್ರು, ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರಾದ ಅಹಮದ್ ಖಾನ್ ಕೂಡ ಈ ಊರಿನವ್ರೇ. ಆಮೇಲೆ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ ಥರದ ಸರ್ಕಾರಿ ಫ್ಯಾಕ್ಟರಿ, ಸಂಸ್ಥೆಗಳ ಟೀಮ್‌ಗಳ ಕಾಲ ಬಂತು. ಶಿಫ್ಟಲ್ಲಿ ಜೊತೆಗೆ ಕೆಲಸ ಮಾಡೋನೇ ಸಂಜೆ ಸೆಂಟರ್ ಫಾರ್ವರ್ಡ್, ಅವನ ಆಟ ನೋಡೋಕೆ ಮಕ್ಕಳನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಬರೋರು. ಜನ ಸೇರೋಕೆ ಯಾರೂ ಮಾರ್ಕೆಟಿಂಗ್ ಮಾಡ್ಬೇಕಾಗಿರ್ಲಿಲ್ಲ, ಆಡೋನು ಪರಿಚಯದೋನು ಆಗಿದ್ದೇ ಸಾಕಾಗ್ತಿತ್ತು. ಫ್ಯಾಕ್ಟರಿ ಟೀಮ್‌ಗಳು ಸೊರಗಿದ ಮೇಲೆ ಆ ಪರಿಚಯ ಹೋಯ್ತು, ಅದ್ರ ಜೊತೆ ಜನಾನೂ ಹೋದ್ರು.

ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಆ ಪರಿಚಯಾನ ಹೊಸದಾಗಿ ಕಟ್ಟಿದ್ರು, ಅದಕ್ಕೆ ಆ ಕ್ಲಬ್ಬಿನ ಬೆನ್ನು ತಟ್ಲೇಬೇಕು. ಮೊದಲ ಸೀಸನ್ ಆಡಿದ್ದು ಅಶೋಕ್ ನಗರದ ಬೆಂಗಳೂರು ಫುಟ್ಬಾಲ್ ಸ್ಟೇಡಿಯಂನಲ್ಲಿ, ಸಣ್ಣ ಜಾಗ, ಗೆರೆ ಪಕ್ಕಾನೇ ಗ್ಯಾಲರಿ, ಆಟಗಾರ ಬೈದ್ರೂ ಕೇಳ್ಸತ್ತೆ ನೀವು ಬೈದ್ರೂ ಅವನಿಗೆ ಕೇಳ್ಸತ್ತೆ. ಕ್ಲಬ್ಬಿನ ಫ್ಯಾನ್ ಗ್ರೂಪ್ ವೆಸ್ಟ್ ಬ್ಲಾಕ್ ಬ್ಲೂಸ್ ಹುಟ್ಟಿದ್ದು ಆ ಗ್ಯಾಲರಿಯಲ್ಲೇ, ಹೆಸರೂ ಅಲ್ಲಿಂದಾನೇ ಬಂದಿದ್ದು. ಮ್ಯಾಚ್ ಮುಗಿದ್ಮೇಲೆ ಇಡೀ ಟೀಮ್ ಬಂದು ಫ್ಯಾನ್ಸ್ ಮುಂದೆ ನಿಂತು ಚಪ್ಪಾಳೆ ತಟ್ಟೋದು ಅಭ್ಯಾಸ ಆಯ್ತು. ಮೊದಲ ವರ್ಷಾನೇ ಆಗಿನ ಟಾಪ್ ಲೀಗ್ ಆದ ಐ-ಲೀಗ್ ಗೆದ್ರು. ಆಮೇಲೆ ಕಂಠೀರವಕ್ಕೆ ಬಂದ್ರು, 2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಸೆಮಿಫೈನಲ್ಲಲ್ಲಿ ಮಲೇಷ್ಯಾದ ಜೊಹೋರ್ ಟೀಮನ್ನ 3-1ರಲ್ಲಿ ಸೋಲಿಸಿ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಆದ್ರಲ್ಲ, ಅವತ್ತು ಬುಧವಾರ, ವಾರದ ಮಧ್ಯದ ದಿನ, ಆದ್ರೂ ಸ್ಟೇಡಿಯಂ ಅಲ್ಲಾಡ್ತಿತ್ತು. ಅವತ್ತು ಅಲ್ಲಿದ್ದ ಮಕ್ಕಳು ಇವತ್ತಿಗೂ ಬರ್ತಾರೆ, ಈಗ ದೊಡ್ಡೋರಾಗಿದ್ದಾರೆ.

ಹಾಗಾದ್ರೆ ಎಡವಿದ್ದು ಎಲ್ಲಿ? ಬಹಳ ಜನ ರಿಸಲ್ಟ್ ಮೇಲೆ ಹಾಕ್ತಾರೆ. 2018–19ರಲ್ಲಿ ಐಎಸ್‌ಎಲ್ ಗೆದ್ದ ಟೀಮು 2023–24ರಲ್ಲಿ ಹನ್ನೆರಡರಲ್ಲಿ ಹತ್ತನೇ ಜಾಗಕ್ಕೆ ಇಳೀತು ಅನ್ನೋದು ನಿಜ. ಆದ್ರೆ 2024–25ರಲ್ಲಿ ಮತ್ತೆ ಫೈನಲ್ ತನಕ ಹೋದ್ರು, ಜನ ಅದೇ ಲೆಕ್ಕದಲ್ಲಿ ವಾಪಸ್ ಬಂದ್ರಾ ಅಂದ್ರೆ ದೊಡ್ಡ ಮ್ಯಾಚುಗಳಿಗೆ ಬಂದ್ರು, ಉಳಿದ್ದಕ್ಕೆ ಬರ್ಲಿಲ್ಲ. ನಂಗೆ ಕಾಣೋ ಮುಖ್ಯ ಕಾರಣ ಕೋವಿಡ್. 2020–21, 2021–22, ಎರಡೂ ಸೀಸನ್ ಪೂರ್ತಿ ಗೋವಾದಲ್ಲೇ, ಹೆಚ್ಚುಕಮ್ಮಿ ಖಾಲಿ ಸ್ಟೇಡಿಯಂಗಳಲ್ಲೇ ನಡೀತು, ಬೆಂಗಳೂರಲ್ಲಿ ಒಂದೂ ಹೋಮ್ ಮ್ಯಾಚ್ ಇಲ್ಲ. ಆಗ ಹತ್ತು ಹನ್ನೊಂದು ವರ್ಷ ಇದ್ದ ಮಗು ಗ್ಯಾಲರಿಗೆ ಬರ್ಬೇಕಾಗಿದ್ದ ವಯಸ್ಸಲ್ಲಿ ಮನೇಲಿ ಕೂತು ಮೊಬೈಲಲ್ಲಿ ಮ್ಯಾಂಚೆಸ್ಟರ್ ಸಿಟಿ ನೋಡ್ತು, ಫಿಫಾ ಗೇಮ್ ಆಡ್ತು, ಅಲ್ಲೇ ಸೆಟ್ಲ್ ಆಯ್ತು. ಈಗ ಆ ಮಗೂಗೆ ಹದಿನಾರು ಹದಿನೇಳು. ಗ್ಯಾಲರಿಯಲ್ಲಿ ಇರಬೇಕಾಗಿದ್ದ ಒಂದು ಇಡೀ ಬ್ಯಾಚೇ ಮಿಸ್ ಆಗಿದೆ, ಅದಕ್ಕೇ ವೆಸ್ಟ್ ಬ್ಲಾಕಲ್ಲಿ ಮೂವತ್ತು ದಾಟಿದೋರು ಜಾಸ್ತಿ, ಹದಿನಾರರೋರು ಕಮ್ಮಿ. ಇದು ತಾನಾಗೇ ಸರಿಹೋಗಲ್ಲ, ಈಗಿನ ಹತ್ತು ವರ್ಷದೋರನ್ನ ಹಿಡ್ಕೋಬೇಕು.

ಹಿಡ್ಕೊಳೋದು ಅಂದ ತಕ್ಷಣ ಎಲ್ರಿಗೂ ಹೊಳಿಯೋದು ಸ್ಕೂಲ್‌ಗಳಿಗೆ ಫ್ರೀ ಪಾಸ್. ನಾನು ಅದನ್ನ ಖಡಾಖಂಡಿತವಾಗಿ ಬೇಡ ಅಂತೀನಿ, ಕನಿಷ್ಠ ಈಗ ಸಾಮಾನ್ಯವಾಗಿ ಮಾಡೋ ರೀತೀಲಿ ಬೇಡ. ಎರಡು ಬಸ್ ತುಂಬಾ ಮಕ್ಕಳು ಬರ್ತಾರೆ, ಒಂದು ಮೂಲೆ ಬ್ಲಾಕಲ್ಲಿ ಕೂರಿಸ್ತಾರೆ, ಟೀಚರ್ ಎಣಿಸ್ತಾನೇ ಇರ್ತಾರೆ, ಹಾಫ್ ಟೈಮ್ ಆಗಿ ಹತ್ತು ನಿಮಿಷಕ್ಕೆ ಬಸ್ ಡ್ರೈವರ್ ಅರ್ಜೆಂಟ್ ಮಾಡ್ತಾರೆ ಅಂತ ಎಲ್ರನ್ನೂ ಎಬ್ಬಿಸ್ಕೊಂಡು ಹೊರಟುಬಿಡ್ತಾರೆ. ಟಿವಿಯಲ್ಲಿ ಗ್ಯಾಲರಿ ತುಂಬಿದ ಹಾಗೆ ಕಾಣತ್ತೆ ನಿಜ. ಆದ್ರೆ ಆ ಮಗೂಗೆ ಗೆದ್ದಿದ್ಯಾರು ಅಂತಾನೂ ಗೊತ್ತಾಗಲ್ಲ, ಮನೇಲಿ ಅಪ್ಪ ಅಮ್ಮಂಗೆ ಸ್ಟೇಡಿಯಂ ಎಲ್ಲಿದೆ, ಹೇಗಿದೆ ಅನ್ನೋದೂ ಗೊತ್ತಾಗಲ್ಲ, ಇನ್ನೊಂದ್ಸಲ ಹೋಗೋಣ ಅಂತ ಮಗು ಕೇಳಿದ್ರೂ ಕರ್ಕೊಂಡು ಹೋಗೋರು ಯಾರು? ಜೊತೆಗೆ ಸೀಟಿಗೆ ಬೆಲೆ ಸೊನ್ನೆ ಅಂತ ಜನಕ್ಕೆ ನಾವೇ ಕಲಿಸ್ಕೊಟ್ಟ ಹಾಗಾಗತ್ತೆ, ದುಡ್ಡು ಕೊಟ್ಟು ಸೀಸನ್ ಟಿಕೆಟ್ ತಗೊಂಡಿರೋನು ಮುಂದಿನ ವರ್ಷ ಯಾಕೆ ತಗೋಬೇಕು ಅಂತ ಯೋಚ್ನೆ ಮಾಡ್ತಾನೆ.

ಕಮ್ಮಿ ರೇಟು ಬೇರೆ, ಫ್ರೀ ಬೇರೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ ಕ್ಲಬ್ ಕಥೆ ನೋಡಿ, ಒಂದು ಕಾಲಕ್ಕೆ ಪ್ರೀಮಿಯರ್ ಲೀಗಲ್ಲಿದ್ದು ನಾಲ್ಕನೇ ಡಿವಿಷನ್ ತನಕ ಬಿದ್ದ ಕ್ಲಬ್ ಅದು. 2015–16ಕ್ಕೆ ಮೂರನೇ ಡಿವಿಷನ್ನಲ್ಲಿದ್ದಾಗ ಸೀಸನ್ ಟಿಕೆಟ್ಟನ್ನ 149 ಪೌಂಡಿಗೆ ಇಟ್ರು, 23 ಹೋಮ್ ಲೀಗ್ ಮ್ಯಾಚ್‌ಗೆ ಹಂಚಿದ್ರೆ ಒಂದಕ್ಕೆ ಆರೂವರೆ ಪೌಂಡ್ ಆಗತ್ತೆ, ಆ ಕಡೆ ಇದು ತುಂಬಾ ಅಗ್ಗ. ಹತ್ರತ್ರ 18 ಸಾವಿರ ಜನ ತಗೊಂಡ್ರು. ದುಡ್ಡು ಮೊದ್ಲೇ ಕೊಟ್ಟಿರೋದ್ರಿಂದ ಮಳೆ ಬಂದ್ರೂ ಬರ್ತಾರೆ, ಟೀಮ್ ಸೋತ್ರೂ ಬರ್ತಾರೆ, ಬರೋದು ಅಭ್ಯಾಸ ಆಗೋಗತ್ತೆ. ಇಲ್ಲಿಗೆ ತಂದು ಯೋಚಿಸಿದ್ರೆ, ಒಬ್ಬ ದೊಡ್ಡೋರು ಒಂದು ಮಗು ಸೇರಿ ಒಂದು ಜೋಡಿ ಸೀಸನ್ ಟಿಕೆಟ್ ಮಾಡಿ, ಮಗೂಗೆ ಒಂದು ಮ್ಯಾಚ್‌ಗೆ ಬೀಳೋ ಖರ್ಚು ಒಂದು ಮಸಾಲೆ ದೋಸೆ ರೇಟು ಮೀರದ ಹಾಗೆ ಇಡಿ. ಸ್ಕೂಲ್ ಮೂಲಕಾನೇ ಕೊಡೋದಾದ್ರೆ ಮೊದಲ ಮ್ಯಾಚ್‌ಗೆ ಮಗು ಜೊತೆ ಪೋಷಕರಿಗೂ ಟಿಕೆಟ್ ಕೊಡಿ, ಅದ್ರಲ್ಲೇ ಎರಡನೇ ಮ್ಯಾಚಿಗೆ ಅರ್ಧ ರೇಟಿನ ಕೂಪನ್ ಇರ್ಲಿ. ಎಷ್ಟು ಪಾಸ್ ಹಂಚಿದ್ರಿ ಅನ್ನೋ ಲೆಕ್ಕ ಬೇಡ, ಎಷ್ಟು ಜನ ಆ ಕೂಪನ್ ಬಳಸಿದ್ರು ಅನ್ನೋದನ್ನ ಲೆಕ್ಕ ಇಡಿ. ಕ್ಲಬ್ ಬೆಳೀತಿದ್ಯಾ ಇಲ್ವಾ ಅಂತ ಆ ಒಂದು ನಂಬರ್ ಹೇಳ್ಬಿಡತ್ತೆ.

ಎರಡನೇ ಸಲ ಬರೋಕೆ ಅಡ್ಡಿ ಆಗೋ ಇನ್ನೊಂದು ವಿಷ್ಯ ಟೈಮಿಂಗು. ಏಳೂವರೆ ಕಿಕಾಫ್ ಟಿವಿಗೆ ಸರಿಹೋಗತ್ತೆ, ಆದ್ರೆ ವಾರದ ದಿನ ಆರು ಗಂಟೆಗೆ ಆಫೀಸ್ ಬಿಟ್ಟು ಮನೆಗೆ ಹೋಗಿ ಮಗೂನ ಕರ್ಕೊಂಡು ಕಂಠೀರವದ ಹತ್ರದ ಹಡ್ಸನ್ ಸರ್ಕಲ್ ತಲುಪೋದು ಈ ಟ್ರಾಫಿಕ್ಕಲ್ಲಿ ಆಗೋ ಮಾತಾ? ಮ್ಯಾಚ್ ಮುಗಿಯೋಷ್ಟರಲ್ಲಿ ಒಂಬತ್ತೂ ಇಪ್ಪತ್ತು, ಹೊರಗೆ ಬಂದು ಕಬ್ಬನ್ ಪಾರ್ಕ್ ಮೆಟ್ರೋಗೆ ನಡೆದು ಹತ್ತಿ, ಕೆಂಗೇರಿಗೋ ಕೆ.ಆರ್. ಪುರಕ್ಕೋ ಹೋಗಿ, ಅಲ್ಲಿಂದ ಆಟೋ ಸಿಕ್ಕಿದ್ರೆ ಹತ್ತೂವರೆ ಹನ್ನೊಂದು. ಮಾರನೇ ದಿನ ಸ್ಕೂಲು. ಯಾವ ಅಮ್ಮನೂ ಒಪ್ಪಲ್ಲ, ಒಪ್ಪಬಾರ್ದು ಕೂಡ. ಶನಿವಾರ ಭಾನುವಾರದ ಐದು ಗಂಟೆ ಸ್ಲಾಟ್ ಇದ್ಯಲ್ಲ, ಅದು ಮಕ್ಕಳಿಗೆ ಬಂಗಾರ. ವೇಳಾಪಟ್ಟಿ ಪೂರ್ತಿ ಕ್ಲಬ್ಬಿನ ಕೈಯಲ್ಲಿ ಇರಲ್ಲ, ಅದು ಗೊತ್ತು. ಆದ್ರೆ ಸೀಸನ್‌ಗೆ ನಾಲ್ಕೈದು ಐದು ಗಂಟೆ ಮ್ಯಾಚ್ ಬೇಕೇ ಬೇಕು ಅಂತ ಹಠ ಹಿಡಿಯೋ ಕ್ಲಬ್ಬು, ಸಿಕ್ಕ ದಿನವನ್ನೇ ಫ್ಯಾಮಿಲಿ ದಿನ ಅಂತ ತಿಂಗಳು ಮುಂಚೇನೇ ಹೇಳೋ ಕ್ಲಬ್ಬು ಗೆಲ್ಲತ್ತೆ.

ಇನ್ನೊಂದು ಮಾತು ಹೇಳ್ದೇ ಮುಂದೆ ಹೋಗೋಕಾಗಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗಡೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡ್ರು, ಹೆಚ್ಚಿನೋರು ಎಳೇ ವಯಸ್ಸಿನೋರು. ಕಂಠೀರವ ಅಲ್ಲಿಂದ ನಡೆದು ಹೋಗೋಷ್ಟು ಹತ್ರ. ಅದಾದ ಮೇಲೆ ಈ ಊರಿನ ಅಪ್ಪ ಅಮ್ಮಂದಿರ ಮನಸ್ಸಲ್ಲಿ ಸ್ಟೇಡಿಯಂ ಅಂದ್ರೆ ಒಂದು ಭಯ ಕೂತಿದೆ, ಅದು ನ್ಯಾಯವಾದ ಭಯಾನೇ. ಜನ ಸೇರಿಸೋಣ ಅಂತ ಹೊರಡೋರು ಮೊದಲು ಉತ್ತರ ಕೊಡ್ಬೇಕಾಗಿರೋದು ಇದಕ್ಕೆ. ಟಿಕೆಟ್ ಮೇಲೆ ಯಾವ ಗೇಟು ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆದಿರ್ಬೇಕು, ಪಾಸ್ ಗೇಟಲ್ಲಿ ಸಿಗತ್ತೋ ಇಲ್ವೋ ಅನ್ನೋ ಗೊಂದಲ ಇರ್ಲೇಬಾರ್ದು, ಮಕ್ಕಳ ಜೊತೆ ಬಂದೋರಿಗೆ ಬೇರೆ ಲೈನ್, ನೀರಿನ ಬಾಟ್ಲಿ ಕಿತ್ಕೊಂಡ್ರೆ ಒಳಗೆ ಕುಡಿಯೋ ನೀರು ಇರ್ಲೇಬೇಕು, ಹೆಣ್ಮಕ್ಕಳ ಟಾಯ್ಲೆಟ್ ಕ್ಲೀನಾಗಿರ್ಬೇಕು. ಟಾಯ್ಲೆಟ್ ವಿಷ್ಯ ಸಣ್ಣದು ಅಂತ ಅನ್ಸ್ಬೋದು, ಮಗಳನ್ನ ಕರ್ಕೊಂಡು ಬಂದ ಒಬ್ಬ ತಾಯೀನ ಕೇಳಿ ನೋಡಿ, ಮತ್ತೆ ಬರ್ತಾರೋ ಇಲ್ವೋ ಅನ್ನೋದು ಸುಮಾರಾಗಿ ಅಲ್ಲೇ ತೀರ್ಮಾನ ಆಗಿರತ್ತೆ.

ಕಂಠೀರವದ ರಚನೆ ಕೂಡ ಸ್ವಲ್ಪ ಕಾಟ ಕೊಡತ್ತೆ. ಅದು ಅಥ್ಲೆಟಿಕ್ಸ್ ಸ್ಟೇಡಿಯಂ, ಗ್ಯಾಲರಿಗೂ ಮೈದಾನಕ್ಕೂ ಮಧ್ಯೆ ಟ್ರ್ಯಾಕ್ ಇದೆ, ಆ ಟ್ರ್ಯಾಕಿನ ಮೇಲೆ ಅಥ್ಲೀಟ್‌ಗಳಿಗೂ ಹಕ್ಕಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆರು ಸಾವಿರ ಜನ ಬಂದಾಗ ಅವ್ರನ್ನ ಇಡೀ ಸ್ಟೇಡಿಯಂಗೆ ಚೆಲ್ಲಾಪಿಲ್ಲಿ ಕೂರಿಸೋದು ಯಾಕೆ? ಪಶ್ಚಿಮದ ಕಡೆ ಬ್ಲಾಕುಗಳನ್ನ ಮೊದಲು ತುಂಬ್ಸಿ, ಅದು ತುಂಬಿದ ಮೇಲೆ ಪಕ್ಕದ್ದು ತೆಗೀರಿ. ಅದೇ ಆರು ಸಾವಿರ ಜನ ಒತ್ತೊತ್ತಾಗಿ ಕೂತ್ರೆ ಶಬ್ದಾನೇ ಬೇರೆ, ಹೊಸದಾಗಿ ಬಂದ ಹುಡುಗನಿಗೆ ಮೈ ಜುಮ್ ಅನ್ನತ್ತೆ. ಕೇರಳ ಬ್ಲಾಸ್ಟರ್ಸ್ ಇಲ್ಲಿಗೆ ಆಡೋಕೆ ಬಂದಾಗ ನೋಡಿ, ನಮ್ಮೂರಲ್ಲೇ ಕೆಲಸ ಮಾಡೋ, ಓದೋ ಮಲಯಾಳಿ ಹುಡುಗ್ರು ಹಳದಿ ಜರ್ಸಿ ಹಾಕ್ಕೊಂಡು ಒಂದು ಕಡೆ ಗುಂಪಾಗಿ ನಿಂತ್ರೆ ಅವ್ರ ಸದ್ದು ಇಡೀ ಗ್ರೌಂಡಿಗೆ ಕೇಳತ್ತೆ. ಅವ್ರು ಒಟ್ಟಿಗೆ ಬರ್ತಾರೆ, ಒಟ್ಟಿಗೆ ನಿಲ್ತಾರೆ. ನಮಗೆ ಅದನ್ನ ನೋಡಿ ಕಲಿಯೋಕೆ ಏನೂ ಸಂಕೋಚ ಬೇಡ.

ನಾನೇ ನೋಡಿದ್ದು ಒಂದು ಹೇಳ್ತೀನಿ. ವೆಸ್ಟ್ ಬ್ಲಾಕ್ ಪಕ್ಕದ ಬ್ಲಾಕಲ್ಲಿ ಅಪ್ಪ ಮಗಳು ಬಂದಿದ್ರು, ಮಗೂಗೆ ಹತ್ತು ವರ್ಷ ಇರ್ಬೋದು. ಫಸ್ಟ್ ಹಾಫ್ ಪೂರ್ತಿ ಅವಳು ಆಟ ನೋಡ್ಲೇ ಇಲ್ಲ, ಮೈದಾನಕ್ಕೆ ಬೆನ್ನು ಹಾಕಿ ರೇಲಿಂಗ್ ಮೇಲೆ ನಿಂತು ಎಲ್ರಿಂದ ಕೂಗಿಸ್ತಾ ಇರ್ತಾನಲ್ಲ ಆ ಹುಡುಗನ್ನ, ಅವನ ಪಕ್ಕದ ಡ್ರಮ್ಮನ್ನೇ ನೋಡ್ತಿದ್ಲು. ಹಾಫ್ ಟೈಮಲ್ಲಿ ಡ್ರಮ್ ಬಾರಿಸ್ತಿದ್ದೋನು ಅದನ್ನ ಗಮನಿಸಿ "ಬಾ ಪುಟ್ಟಿ, ಹೊಡೀತೀಯಾ?" ಅಂತ ಕೋಲು ಕೊಟ್ಟ. ನಾಚ್ಕೊಂಡು ನಾಲ್ಕು ಏಟು ಹೊಡೆದ್ಲು, ಸುತ್ತ ಇದ್ದೋರೆಲ್ಲ ಆ ನಾಲ್ಕು ಏಟಿಗೂ ಕೂಗಿದ್ರು. ಸೆಕೆಂಡ್ ಹಾಫಲ್ಲಿ ಅವಳು ಕೂರ್ಲೇ ಇಲ್ಲ, ಚಪ್ಪಾಳೆ ತಾಳಕ್ಕೆ ಸರಿಯಾಗಿ ಬೀಳ್ತಿತ್ತು. ಹೊರಡೋವಾಗ ಅಪ್ಪ ನನ್ನ ಕೇಳಿದ್ದು ಒಂದೇ ಪ್ರಶ್ನೆ, "ಸಾರ್, ನೆಕ್ಸ್ಟ್ ಹೋಮ್ ಮ್ಯಾಚ್ ಯಾವಾಗ?" ಮಗೂಗೆ ಅಲ್ಲಿ ಮಾಡೋಕೆ ಏನೋ ಒಂದು ಕೆಲಸ ಸಿಕ್ತು, ಆದ್ದರಿಂದ ಮತ್ತೆ ಬರೋಕೆ ಕಾರಣ ಸಿಕ್ತು. ಇದನ್ನ ಆಕಸ್ಮಿಕಕ್ಕೆ ಬಿಡದೆ ಪ್ರತೀ ಮ್ಯಾಚಲ್ಲೂ ಮಾಡಿ. ಮ್ಯಾಚ್‌ಗೆ ಒಂದು ಗಂಟೆ ಮುಂಚೆ ಬ್ಯಾನರ್ ಬರೆಯೋದು, ಡ್ರಮ್ ಹೇಳ್ಕೊಡೋದು, ಹಾಡು ಕಲಿಸೋದು ಮಾಡಿದ್ರೆ ಖರ್ಚೇನು ಬರತ್ತೆ? ಹಾಡುಗಳು ಕನ್ನಡದಲ್ಲಿ ಜಾಸ್ತಿ ಆಗ್ಲಿ, ಸುಲಭದ ನಾಲ್ಕು ಸಾಲು ಇದ್ರೆ ರಾಜಾಜಿನಗರದ ಮಗೂನೂ ಹಾಡತ್ತೆ, ಇಲ್ಲೇ ಬೆಳೀತಿರೋ ಮಣಿಪುರದ ಮಗೂನೂ ಕಲಿಯತ್ತೆ. ಫ್ಯಾನ್ ಗ್ರೂಪ್ ಜೊತೇಲೇ ಇದನ್ನ ಮಾಡ್ಬೇಕು, ಕ್ಲಬ್ಬಿನ ಮಾರ್ಕೆಟಿಂಗ್ ಟೀಮ್ ಒಂದೇ ಮಾಡಕ್ಕಾಗಲ್ಲ, ಗ್ಯಾಲರಿ ಜೀವಂತ ಇರೋದು ಹತ್ತು ವರ್ಷದಿಂದ ದುಡ್ಡು ಟೈಮು ಎರಡೂ ಹಾಕ್ತಿರೋ ಆ ಫ್ಯಾನ್ಸ್‌ನಿಂದ.

ಆದ್ರೆ ಇದೆಲ್ಲಕ್ಕಿಂತ ನಂಗೆ ಹೊಟ್ಟೆ ಉರಿಸೋ ವಿಷ್ಯ ಇನ್ನೊಂದಿದೆ. 2023ರ ಮಾರ್ಚಲ್ಲಿ ಸೌದಿಯ ರಿಯಾದಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಕರ್ನಾಟಕ ರಾಜ್ಯ ಟೀಮ್‌ಗಳ ನಡುವಿನ ಟೂರ್ನಿ ಸಂತೋಷ್ ಟ್ರೋಫಿ ಗೆಲ್ತು, 54 ವರ್ಷ ಆದ್ಮೇಲೆ. ಅದಕ್ಕೂ ಮುಂಚೆ ಗೆದ್ದಿದ್ದು 1968–69ರಲ್ಲಿ, ಆಗಿನ್ನೂ ಮೈಸೂರು ಅನ್ನೋ ಹೆಸರಲ್ಲಿ ಆಡ್ತಿದ್ದ ಕಾಲ. ಫೈನಲ್ಲಲ್ಲಿ ಗೋಲ್ ಹೊಡೆದೋರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ನಿಮ್ಮ ಮನೆ ಹತ್ರ ಟರ್ಫಲ್ಲಿ ಆಡೋ ಹತ್ತು ಮಕ್ಕಳನ್ನ ಕೇಳಿ, ಈ ಮೂರ್ ಹೆಸ್ರಲ್ಲಿ ಒಂದು ಗೊತ್ತಿದ್ರೆ ದೊಡ್ಡದು. ನಮ್ಮೂರಿನ ಟಾಪ್ ಲೀಗ್ ಆದ ಸೂಪರ್ ಡಿವಿಷನ್ ಲೀಗಲ್ಲಿ ಆಡಿ ಬೆಳೆಯೋ ಇಂಥೋರು ಅಶೋಕ್ ನಗರದ ಸ್ಟೇಡಿಯಂನಲ್ಲಿ ಎಷ್ಟೋ ಸಲ ಕೆಲಸದ ದಿನ ಮಟಮಟ ಮಧ್ಯಾಹ್ನ ಆಡ್ತಾರೆ, ನೋಡೋಕೆ ಆಡೋರ ಫ್ರೆಂಡ್ಸು, ಒಂದಿಷ್ಟು ಹಿರಿಯರು. ಕಿಕ್‌ಸ್ಟಾರ್ಟ್, ಸ್ಟೂಡೆಂಟ್ಸ್ ಯೂನಿಯನ್, ಎಫ್‌ಸಿ ಬೆಂಗಳೂರು ಯುನೈಟೆಡ್ ಥರದ ಕ್ಲಬ್‌ಗಳು ಇವೆ, ಕಿಕ್‌ಸ್ಟಾರ್ಟ್ ಹೆಣ್ಮಕ್ಕಳ ಟೀಮ್ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿದೆ, ಆದ್ರೆ ಶಾಲೆಗೆ ಹೋಗೋ ಮಗು ಇವ್ರನ್ನ ನೋಡೋಕೆ ದಾರೀನೇ ಇಲ್ಲ.

ಪಕ್ಕದ ಕೇರಳದಲ್ಲಿ 2024ರಲ್ಲಿ ಸೂಪರ್ ಲೀಗ್ ಕೇರಳ ಅಂತ ಆರು ಟೀಮಿನ ರಾಜ್ಯದ ಲೀಗ್ ಶುರು ಮಾಡಿದ್ರು, ಕೋಝಿಕ್ಕೋಡಲ್ಲಿ ನಡೆದ ಫೈನಲ್‌ಗೆ 30 ಸಾವಿರಕ್ಕೂ ಹೆಚ್ಚು ಜನ ಬಂದ್ರು, ಕ್ಯಾಲಿಕಟ್ ಟೀಮು ಗೆಲ್ತು. ಮಲಬಾರಿನ ಸೆವೆನ್ಸ್ (ಏಳೇಳು ಜನ ಆಡೋ ಫುಟ್ಬಾಲ್) ಪರಂಪರೆ ನಮ್ಮಲ್ಲಿಲ್ಲ, ಹಾಗಾಗಿ ಅಷ್ಟು ಜನ ಬರ್ತಾರೆ ಅಂತ ನಾನು ಹೇಳ್ತಿಲ್ಲ. ಊರಿನ ಹೆಸರು, ಪರಿಚಯದ ಮುಖ, ಸಂಜೆ ಹೊತ್ತಿನ ಮ್ಯಾಚು ಕೊಟ್ರೆ ದೊಡ್ಡ ಲೀಗಿನ ಹೆಸರು ಇಲ್ದೇನೂ ಜನ ಬರ್ತಾರೆ ಅಂತ ಅದ್ರಿಂದ ಗೊತ್ತಾಗತ್ತೆ, ಅಷ್ಟು ಸಾಕು.

ಯಾಕಂದ್ರೆ ದೊಡ್ಡ ಲೀಗನ್ನ ನಂಬ್ಕೊಂಡು ಕೂತ್ರೆ ಏನಾಗತ್ತೆ ಅಂತ 2025ರಲ್ಲಿ ನೋಡಿದ್ವಿ. ಫೆಡರೇಷನ್‌ಗೂ ಲೀಗ್ ನಡೆಸೋ ಕಂಪ್ನಿಗೂ ಇದ್ದ ಒಪ್ಪಂದ ಮುಗಿಯೋದ್ರಲ್ಲಿತ್ತು, ಹೊಸದು ಆಗ್ಲಿಲ್ಲ, ಜುಲೈನಲ್ಲಿ ಐಎಸ್‌ಎಲ್ ಅನ್ನೇ ಹೋಲ್ಡಲ್ಲಿ ಇಟ್ರು. ಆಗಸ್ಟಲ್ಲಿ ಬೆಂಗಳೂರು ಎಫ್‌ಸಿ ಫಸ್ಟ್ ಟೀಮ್ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಸದ್ಯಕ್ಕೆ ನಿಲ್ಲಿಸ್ತು. ಮುಂದಿನ ಮ್ಯಾಚ್ ಯಾವಾಗ ಅಂತ ಕೇಳೋ ಹತ್ತು ವರ್ಷದ ಮಗೂಗೆ ಆ ತಿಂಗಳುಗಳಲ್ಲಿ ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಇನ್ನೊಂದು ಕಡೆ ಛೆಟ್ರಿಗೆ 40 ದಾಟಿದೆ. 2018ರಲ್ಲಿ ಮುಂಬೈನಲ್ಲಿ ಖಾಲಿ ಸ್ಟೇಡಿಯಂ ನೋಡಿ ಅವ್ರು ಒಂದು ವಿಡಿಯೋ ಮಾಡಿ "ಬನ್ನಿ, ಬೇಕಾದ್ರೆ ಬೈರಿ, ಆದ್ರೆ ಬನ್ನಿ" ಅಂತ ಕೇಳ್ಕೊಂಡ ಮೇಲೆ ಮುಂದಿನ ಮ್ಯಾಚ್ ಹೌಸ್‌ಫುಲ್ ಆಗಿತ್ತಲ್ಲ, ಅಂಥ ಒಬ್ಬ ಮನುಷ್ಯನ ಮೇಲೆ ಇನ್ನೆಷ್ಟು ದಿನ ಭಾರ ಹಾಕ್ತೀರಾ?

ಹಾಗಾಗಿ ನನ್ನ ಮಟ್ಟಿಗೆ ಶುರು ಮಾಡ್ಬೇಕಾಗಿರೋದು ಅಶೋಕ್ ನಗರದಲ್ಲಿ. ಬೆಂಗಳೂರು ಎಫ್‌ಸಿ ರಿಸರ್ವ್ಸ್, ಅಂದ್ರೆ ಎರಡನೇ ಟೀಮು ಸೂಪರ್ ಡಿವಿಷನಲ್ಲೇ ಆಡತ್ತೆ. ರಾಜ್ಯ ಫುಟ್ಬಾಲ್ ಸಂಸ್ಥೆ ಮತ್ತು ಕ್ಲಬ್‌ಗಳು ಕೂತ್ಕೊಂಡು ತಿಂಗಳಿಗೆ ಎರಡು ಭಾನುವಾರ ಬಿಡಿಸ್ಲಿ, ಮೂರು ಗಂಟೆಗೆ ಅಂಡರ್-13 ಸ್ಕೂಲ್ ಮ್ಯಾಚ್, ನಾಲ್ಕೂವರೆಗೆ ಸೂಪರ್ ಡಿವಿಷನ್ ಮ್ಯಾಚ್, ಆರೂವರೆಗೆಲ್ಲ ಮನೆಗೆ. ಟಿಕೆಟ್ 50 ರೂಪಾಯಿ, ಕಂಠೀರವದ ಸೀಸನ್ ಟಿಕೆಟ್ ಇದ್ದೋರಿಗೆ ಅದ್ರಲ್ಲೇ ಎಂಟ್ರಿ. ಮಗು ಆಡೋ ಮ್ಯಾಚ್ ಅಂದ್ರೆ ಅಪ್ಪ, ಅಮ್ಮ, ಅಜ್ಜಿ ಎಲ್ಲ ಬರ್ತಾರೆ, ಬಂದೋರು ಮುಂದಿನ ಮ್ಯಾಚಿಗೂ ಕೂರ್ತಾರೆ, ಹದಿನೆಂಟು ಹತ್ತೊಂಬತ್ತು ವರ್ಷದ ರಿಸರ್ವ್ಸ್ ಹುಡುಗ ಅವತ್ತು ಆ ಮಗು ಜೊತೆ ಫೋಟೋ ತೆಗೆಸ್ಕೊಂಡ್ರೆ ಮುಂದಿನ ವರ್ಷ ಅವನು ಕಂಠೀರವದಲ್ಲಿ ಸಬ್ ಆಗಿ ಇಳಿಯೋವಾಗ ಆ ಮಗು ಗ್ಯಾಲರಿಯಲ್ಲಿ ಇದ್ದೇ ಇರತ್ತೆ. ಇದಕ್ಕೆ ಹೊಸ ಸ್ಟೇಡಿಯಂ ಬೇಡ, ಟಿವಿ ರೈಟ್ಸ್ ಬೇಡ. ಜೂನಲ್ಲಿ ಸ್ಕೂಲ್ ಶುರು ಆಗೋ ಮುಂಚೆ ಆ ಭಾನುವಾರಗಳ ಪಟ್ಟಿ ಹೊರಗೆ ಬಂದ್ರೆ ಮನೆಗಳಲ್ಲಿ ಪ್ಲ್ಯಾನ್ ಮಾಡ್ಕೊಳೋಕೂ ಟೈಮ್ ಸಿಗತ್ತೆ.